ಭಾವನಿಗೆ ಮೂರು ಕೂಗು

ಸಾವಿಗೆ ನಮ್ಮ ಭಾವನಷ್ಟು ತಯಾರಾಗಿ ಕೂತವರು ಮುಂಬಯಿಯ ಘಾಟ್ಕೋಪರದಲ್ಲಿ ಇನ್ನೊಬ್ಬರಿಲ್ಲ; ನಮ್ಮ ಭಾವನಷ್ಟು ಗಟ್ಟಿಮುಟ್ಟಾಗಿರುವವರೂ ಇನ್ನೊಬ್ಬರಿಲ್ಲ! ವಯಸ್ಸು ಎಪ್ಪತ್ತೆಂಟು. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ, ಹಲ್ಲೆಲ್ಲ ಸ್ವಂತದ್ದು. ಲಿಫ್ಟ್ ಕೆಟ್ಟ ದಿನ ನಾಲ್ಕು ಮಹಡಿ ಹತ್ತುವಾಗ, ಮೂರನೆಯದರಲ್ಲೇ ಏದುಸಿರು ಬಿಡುತ್ತ ನಿಂತ ನನ್ನನ್ನು "ಹೆಂಗಿದ್ದೀಯೋ?" ಎಂದು ವಿಚಾರಿಸಿ ಮುಂದೆ ಹೋಗುವ ಆಸಾಮಿ. ಇಂಥವರು ದಿನಕ್ಕೆರಡು ಹೊತ್ತು ತಮ್ಮ ಅಂತ್ಯಸಂಸ್ಕಾರದ ಮಾತೆತ್ತಿದರೆ ಕೇಳುವವರ ಗತಿಯೇನು? ಅದೂ ನಮ್ಮ ಪದ್ಧತಿಯ ಅಂತ್ಯಸಂಸ್ಕಾರವಲ್ಲ, ರೋಮನ್ನರದು! ಈಗಿನ ರೋಮಿನವರದೂ ಅಲ್ಲ, ಎರಡು ಸಾವಿರ ವರ್ಷದ ಹಿಂದಿನವರದು!

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಧಾರವಾಡ. ಬೈಕುಲ್ಲಾದ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ನಾನು ರೈಲ್ವೆಯವನು, ಲೋಕಲ್ ಗಾಡಿಗಳ ವೇಳಾಪಟ್ಟಿ ತಯಾರಿಸುವ ವಿಭಾಗದಲ್ಲಿ ಆಯುಷ್ಯ ಕಳೆದವನು. ಬೆಳಿಗ್ಗೆ ಐದಕ್ಕೆ ಏಳುವುದು, ಐದೂ ಇಪ್ಪತ್ತಕ್ಕೆ ನಡಿಗೆ, ಆರೂ ಹತ್ತಕ್ಕೆ ಚಹಾ. ಚಹಾ ಆರೂ ಹದಿಮೂರಕ್ಕೆ ಬಂದರೆ ಇಡೀ ದಿನ ನನಗೆ ಒಂದು ಗಾಡಿ ತಪ್ಪಿದಂತೆಯೇ. ಅದಕ್ಕೇ ಭಾವ ನನ್ನನ್ನು ಹೆಸರಿನಿಂದ ಕರೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಕರೆಯುವುದು "ಟೈಂಟೇಬಲ್" ಎಂದು. ಸಿಟ್ಟು ಬಂದರೆ "ಟೈಂಟೇಬಲ್ ಸಾಹೇಬ್ರ" ಎಂದು.

ನಾವು ಮೂರನೆಯ ಮಹಡಿ, ಅವರು ನಾಲ್ಕನೆಯದು. ಮೂರು ವರ್ಷದ ಹಿಂದೆ ಅಕ್ಕ ತೀರಿಕೊಂಡ ಮೇಲೆ ಅವರ ಊಟ ನಮ್ಮಲ್ಲಿಯೇ. ನನ್ನ ಹೆಂಡತಿ ಬಿಸಿ ರೊಟ್ಟಿ ಬಡಿಸಿದಳೆಂದರೆ ಭಾವ ಹಸಿವನ್ನಷ್ಟೇ ಅಲ್ಲ, ರೋಮನ್ನರನ್ನೂ ಜೊತೆಗೆ ಕರೆದುಕೊಂಡು ಬರುತ್ತಾರೆ.

ಈ ರೋಮನ್ನರು ಗಂಟುಬಿದ್ದದ್ದು ಬೈಕುಲ್ಲಾದ ಒಂದು ರದ್ದಿ ಅಂಗಡಿಯಲ್ಲಿ. ಹಳೆಯ ಪೇಪರಿನ ಕಟ್ಟುಗಳ ನಡುವೆ ರಟ್ಟು ಕಿತ್ತ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ರೋಮನ್ನರು ಹೇಗೆ ಬಾಳಿದರು ಎಂಬ ಮೊದಲರ್ಧವನ್ನು ಗೆದ್ದಲು ತಿಂದಿತ್ತು. ಉಳಿದದ್ದು, ಅವರು ಹೇಗೆ ಸತ್ತರು ಎಂಬ ಭಾಗ. ಗೆದ್ದಲು ಆ ಕಡೆಯಿಂದ ತಿನ್ನಲು ಶುರುಮಾಡಿದ್ದರೆ ನಮ್ಮ ಮನೆ ನೆಮ್ಮದಿಯಾಗಿರುತ್ತಿತ್ತು!

ಆ ಪುಸ್ತಕದಿಂದ ಭಾವ ಮೊದಲು ತಂದದ್ದು ಒಂದು ಬೇಡಿಕೆ.

"ನೋಡೋ, ಯಾರರೆ ಕಣ್ಣು ಮುಚ್ಚಿದರ ರೋಮನ್ನರು ಮೊದಲ ಏನ ಮಾಡತಿದ್ರು ಗೊತ್ತೇನ? ಹತ್ತಿರದವರು ಬಾಜೂಕ ನಿಂತು ಹೆಸರು ಹಿಡದು ಜೋರಾಗಿ ಕೂಗತಿದ್ರು. ನನಗ ನೀ ಕೂಗಬೇಕು. ಮೂರು ಸಲ."

"ಯಾಕ? ನಿಮ್ಮ ಕಿವಿ ಚೊಲೋ ಅದಾವಲ್ಲ."

"ಒಮ್ಮೆ ಕೂಗಬೇಕು, ನಿಲ್ಲಬೇಕು. ಮತ್ತ ಕೂಗಬೇಕು, ಮತ್ತ ನಿಲ್ಲಬೇಕು."

"ಎಷ್ಟೊತ್ತು ನಿಲ್ಲೂದು?"

"ಓ ಅನ್ನೂವಷ್ಟು ಹೊತ್ತು."

"ಅನ್ನಲಿಲ್ಲಂದ್ರ?"

"ಅದಕ್ಕ ಮೂರು ಸಲ ಇಟ್ಟಾರ, ಶಾಣ್ಯಾ!"

ನಾನು ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ಮೊದಲನೆಯದಾಗಿ, ನಮ್ಮಲ್ಲಿ ಚಿಕ್ಕವರು ದೊಡ್ಡವರ ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ನಲವತ್ತೆಂಟು ವರ್ಷ "ಭಾವಾ" ಎಂದ ಬಾಯಿ ಅದು. ಎರಡನೆಯದಾಗಿ, ಈ ವಿಷಯಕ್ಕೆ ನನ್ನ ಬಳಿ ಆಗಲೇ ಒಂದು ಪಟ್ಟಿಯಿದೆ. ನಗಬೇಡಿ. ನಮ್ಮಂಥ ಬಿಲ್ಡಿಂಗಿನಲ್ಲಿ ಯಾರಾದರೂ ತೀರಿಕೊಂಡರೆ ಅಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಓಡಾಡುವವರು ಸಿಗುವುದಿಲ್ಲ. ಒಂದು: ಡಾಕ್ಟರ ಸರ್ಟಿಫಿಕೇಟು. ಎರಡು: ಆಧಾರ್ ಕಾರ್ಡಿನ ಝೆರಾಕ್ಸ್, ನಾಲ್ಕು ಪ್ರತಿ. ಮೂರು: ವ್ಯಾನ್. ನಾಲ್ಕು: ಸ್ಮಶಾನದಲ್ಲಿ ಪಾಳಿ. ಹೀಗೆ ಹದಿನಾಲ್ಕು ಕಲಮುಗಳ ಪಟ್ಟಿ ನನ್ನ ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ. ಅದರ ಪ್ರಕಾರ ಐದಾರು ಮನೆಗಳ ಕೆಲಸ ಒಂದು ನಿಮಿಷ ಹೆಚ್ಚುಕಡಿಮೆಯಾಗದೆ ನಡೆದಿದೆ.

"ಆ ಪಟ್ಟೀಗೆ ಇದೊಂದು ಸೇರಸು," ಎಂದರು ಭಾವ. "ಒಂದನೇದಕ್ಕಿಂತ ಮೊದಲ."

"ಒಂದಕ್ಕಿಂತ ಮೊದಲು ಏನೂ ಇರೂದಿಲ್ರೀ."

"ಇರತದ. ನಿನಗ ಕಂಡಿಲ್ಲ."

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಇದೇ ಕೇಸು! ಅವರು ಕೇಳುವುದು, ನಾನು ಒಲ್ಲೆನೆನ್ನುವುದು, ನನ್ನ ಹೆಂಡತಿ "ಅಣ್ಣಾವ್ರ, ಸಾರು ಆರತದ" ಎನ್ನುವುದು.

ಬೇಡಿಕೆ ತೀರ್ಮಾನವಾಗುವವರೆಗೆ ಕೈಕಟ್ಟಿ ಕೂಡುವ ಪೈಕಿಯೇ ಅವರು? ಕಳೆದ ವರ್ಷ ನಮ್ಮ ಪಕ್ಕದ ವಿಂಗಿನಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಸಾವಾದ ಮನೆಯ ಮುಂದೆ ರೋಮನ್ನರು ಸೈಪ್ರೆಸ್ ಮರದ ಟೊಂಗೆ ನಿಲ್ಲಿಸುತ್ತಿದ್ದರಂತೆ, ಹೋಗಿಬರುವವರಿಗೆ ಸುದ್ದಿ ತಿಳಿಯಲಿ ಎಂದು. ಘಾಟ್ಕೋಪರದಲ್ಲಿ ಸೈಪ್ರೆಸ್ ಎಲ್ಲಿಂದ ತರುವುದು? ಭಾವ ಕಂಪೌಂಡಿನ ಗೋಡೆಗುಂಟ ನೆಟ್ಟಗೆ ನಿಂತ ಉದ್ದನೆಯ ಅಶೋಕ ಮರಗಳನ್ನು ನೋಡಿದರು. ಆಕಾರ ಸಮ ಕಂಡಿತು. ಎರಡು ಟೊಂಗೆ ಕಡಿದು ಗೇಟಿನ ಎರಡೂ ಬದಿಗೆ ಕಟ್ಟಿಬಿಟ್ಟರು.

ನಮ್ಮ ಸೊಸೈಟಿಯಲ್ಲಿ ಮುಕ್ಕಾಲು ಪಾಲು ಗುಜರಾತಿ ಮನೆಗಳು. ಅವರಲ್ಲಿ ಅದೇ ಎಲೆಯ ತೋರಣ ಕಟ್ಟುವುದು ಯಾವಾಗ ಗೊತ್ತೇ? ಮದುವೆಗೆ! ಅರ್ಧ ತಾಸಿನಲ್ಲಿ ಗೇಟಿನ ಮುಂದೆ ಗುಂಪು. ಒಬ್ಬ ಹೆಣ್ಣುಮಗಳಂತೂ ಬಾಗಿಲಿಗೇ ಬಂದು "ಕಿಸ್ಕೀ ಶಾದೀ ಹೈ, ಅಂಕಲ್? ಬತಾಯಾ ಭೀ ನಹೀಂ!" ಎಂದು, ಮದುವೆಗೆ ಕರೆಯಲಿಲ್ಲವೆಂದು ನನ್ನ ಮೇಲೆಯೇ ಮುನಿಸಿಕೊಂಡಳು. ಸೊಸೈಟಿಯ ಸೆಕ್ರೆಟರಿ ಏದುಸಿರು ಬಿಡುತ್ತ ಓಡಿಬಂದರು.

"ಅಂಕಲ್, ಯೇ ಕ್ಯಾ ಹೈ? ಉಧರ್ ಮಯ್ಯತ್, ಇಧರ್ ತೋರಣ್!"

ಭಾವ ಗಂಭೀರವಾಗಿ ಉತ್ತರಿಸಿದರು: "ರೋಮ್ ಮೇ ಐಸಾ ಹೀ ಕರ್ತೇ ಥೇ."

"ತೋ ರೋಮ್ ಕೀ ಸೊಸೈಟೀ ಮೇ ಫ್ಲ್ಯಾಟ್ ಲೇ ಲೋ ನಾ!"

ಟೊಂಗೆ ಬಿಚ್ಚಿದವನು ನಾನು. ಏಳು ನಿಮಿಷ ಹಿಡಿಯಿತು.

ಮೇ ತಿಂಗಳು ಬಂತು. ಆ ತಿಂಗಳಲ್ಲಿ ರೋಮಿನ ಮನೆಯ ಯಜಮಾನ ನಡುರಾತ್ರಿ ಬರಿಗಾಲಲ್ಲಿ ಎದ್ದು, ಕರಿಯ ಕಾಳುಗಳನ್ನು ಒಂಬತ್ತು ಸಲ ಬೆನ್ನ ಹಿಂದೆ ಎಸೆಯುತ್ತಿದ್ದನಂತೆ. ಹಿಂತಿರುಗಿ ನೋಡುವಂತಿಲ್ಲ. ಅಲೆಯುವ ಪ್ರೇತಗಳು ಆ ಕಾಳು ಆರಿಸಿಕೊಂಡು, ಕಂಚಿನ ಸಪ್ಪಳಕ್ಕೆ ಮನೆ ಬಿಟ್ಟು ಹೋಗುತ್ತಿದ್ದವಂತೆ. ಭಾವನಿಗೆ ಒಂಬತ್ತಕ್ಕೆಲ್ಲ ನಿದ್ದೆ ಬರುತ್ತದೆ. ಹೀಗಾಗಿ ರೋಮಿನ ನಡುರಾತ್ರಿಯನ್ನು ಅವರು ಮಧ್ಯಾಹ್ನ ನಾಲ್ಕಕ್ಕೆ ತಂದಿಟ್ಟುಕೊಂಡರು. ನನ್ನ ಹೆಂಡತಿಯ ಡಬ್ಬಿಯಿಂದ ಕರಿ ಉದ್ದು ಕದ್ದರು. ಟೆರೇಸಿಗೆ ಹೋಗಿ ಬೆನ್ನು ತಿರುಗಿಸಿ ನಿಂತು ಎಸೆದರು.

ಹಿಂತಿರುಗಿ ನೋಡುವಂತಿರಲಿಲ್ಲವಲ್ಲ, ನೋಡಲಿಲ್ಲ. ನೋಡಿದವನು ನಾನು. ಮುಂಬಯಿಯ ಅಷ್ಟೂ ಪಾರಿವಾಳಗಳು ಬಂದಿದ್ದವು! ಪಾರಿವಾಳಕ್ಕೆ ಕಾಳು ಹಾಕಬಾರದೆಂಬ ಸೊಸೈಟಿಯ ಬೋರ್ಡಿನ ಮೇಲೆಯೇ ಹನ್ನೆರಡು ಕೂತಿದ್ದವು.

"ಬಂದವೇನೋ?" ಎಂದು ಅತ್ತ ಮುಖ ಮಾಡಿಯೇ ಭಾವ ಕೇಳಿದರು.

"ಬಂದಾವ."

"ತಿನ್ನಾಕತ್ತಾವೇನು?"

"ಭಾಳ ಹಸದಾವ."

"ಪಾಪ," ಎಂದ ಭಾವ ಪೂಜೆಯ ಜಾಗಟೆ ತೆಗೆದು ಬಾರಿಸಿದರು. ಪಾರಿವಾಳಗಳೆಲ್ಲ ಭರ್ರನೆ ಎದ್ದವು. ಸೆಕ್ರೆಟರಿಯೂ ಎದ್ದು ಬಂದರು. ಅವರ ಮಧ್ಯಾಹ್ನದ ನಿದ್ದೆಯ ಹೊತ್ತು ಅದು.

ಇದೆಲ್ಲ ಸಹಿಸಬಹುದಿತ್ತು. ಮುಖದ ಪ್ರಕರಣ ಮಾತ್ರ ನನ್ನ ಸಂಸಾರಕ್ಕೇ ಬಂತು. ರೋಮಿನ ದೊಡ್ಡ ಮನೆತನದವರು ಹಿರಿಯರ ಮುಖದ ಮೇಣದ ಅಚ್ಚು ಮಾಡಿ ಪಡಸಾಲೆಯ ಕಪಾಟಿನಲ್ಲಿ ಇಡುತ್ತಿದ್ದರಂತೆ. ಭಾವ ನನ್ನನ್ನು ಎಳೆದುಕೊಂಡು ಬೈಕುಲ್ಲಾಕ್ಕೆ ಹೊರಟರು. ಅಲ್ಲಿ ಬಟ್ಟೆ ಅಂಗಡಿಗಳ ಬೊಂಬೆ ತಯಾರಿಸುವ ಒಂದು ಕಾರ್ಖಾನೆ. ಕಾರಿಗರ ವಿಜಯಪುರ ಕಡೆಯ ಮುಸ್ಲಿಮರು; ಕನ್ನಡ ಕೇಳಿ ಮುಖವರಳಿಸಿ ಭಾವನನ್ನು ಮಲಗಿಸಿದರು. ಮುಖಕ್ಕೆ ಎಣ್ಣೆ ಬಳಿದು, ಮೂಗಿಗೆ ಎರಡು ನಳಿಗೆ ಇಟ್ಟು, ಪ್ಲಾಸ್ಟರ್ ಸುರಿದರು. "ಮಾಸ್ತರ, ಹಿಲ್ನಾ ನಕ್ಕೋ. ಅಳ್ಳಾಡಬ್ಯಾಡ್ರೀ, ನಗಲೂಬ್ಯಾಡ್ರೀ." ಇಪ್ಪತ್ತು ನಿಮಿಷ ಭಾವ ಮಾತನಾಡಲಿಲ್ಲ. ರೋಮನ್ನರಿಂದ ನನಗೆ ದೊರೆತ ಒಂದೇ ಲಾಭ ಅದು!

ವಾರದ ಮೇಲೆ ಮೇಣದ ಮುಖ ತಯಾರಾಯಿತು. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಯಾರದು?"

"ನಿಮ್ಮದ ರೀ! ಮೂಗು ಒಂಚೂರು ಸೊಟ್ಟ ಇತ್ತು, ನೆಟ್ಟಗ ಮಾಡೇನಿ. ಗಲ್ಲಾನೂ ತುಂಬೇನಿ. ಶೋಕೇಸಿಗೆ ಇಡೂದಂದ್ರ ಚಂದ ಕಾಣಬೇಕಲ್ರೀ ಸಾಬ್."

ಬಿಸಿಲಿಗೆ ಮೇಣ ಕರಗಬಾರದೆಂದು ಭಾವ ನನಗೆ ಹೇಳದೆ ಅದನ್ನು ತಂದು ನಮ್ಮ ಫ್ರಿಜ್ಜಿನಲ್ಲಿ ಇಟ್ಟರು. ಮೊಸರಿಗೆಂದು ಬಾಗಿಲು ತೆರೆದ ನನ್ನ ಹೆಂಡತಿಗೆ, ಟೊಮೆಟೊ ಮತ್ತು ಹಾಲಿನ ಚೀಲದ ನಡುವೆ, ಕಣ್ಣು ಮುಚ್ಚಿ ಮಲಗಿದ ತರುಣ ಭಾವನ ದರ್ಶನವಾಯಿತು. ಅವಳ ಚೀರಾಟಕ್ಕೆ ಸೆಕ್ರೆಟರಿ ಈ ಸಲ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದರು.

ಅಂದು ನನ್ನ ತಾಳ್ಮೆ ತಪ್ಪಿತು. ಮುಖವನ್ನು ಚೀಲದಲ್ಲಿ ಹಾಕಿಕೊಂಡು ನಾಲ್ಕನೆಯ ಮಹಡಿಗೆ ಹತ್ತಿದೆ.

"ಭಾವಾ, ಸಾಕು ಮಾಡ್ರಿ. ಎರಡು ಸಾವಿರ ವರ್ಷದ ಹಿಂದಿನ ಮಂದೀದು ಏನದು ನಿಮಗ ಈ ಹುಚ್ಚು? ನಮ್ಮಲ್ಲಿ ಪದ್ಧತಿ ಇಲ್ಲೇನು? ಅಕ್ಕಂದು ನಾನು ಎಷ್ಟು ವ್ಯವಸ್ಥಿತ ಮಾಡಲಿಲ್ಲ?"

ಮಾಡಿದ್ದೆ. ಆಸ್ಪತ್ರೆಯಲ್ಲಿ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅಕ್ಕ ಹೋದಳು. ಆರೂ ಇಪ್ಪತ್ತೈದಕ್ಕೆ ನಾನು ಫೋನ್ ಹಿಡಿದಿದ್ದೆ. ಹತ್ತೂ ನಲವತ್ತಕ್ಕೆ ಹದಿನಾಲ್ಕೂ ಕಲಮು ಮುಗಿದಿದ್ದವು. ಬಂದವರೆಲ್ಲ ನನ್ನ ಬೆನ್ನು ತಟ್ಟಿದ್ದರು.

ಭಾವ ಸಿಟ್ಟಾಗಲಿಲ್ಲ. ಮೇಣದ ಮುಖವನ್ನು ಮೇಜಿನ ಮೇಲಿಟ್ಟು ಅದರ ಮೂಗನ್ನು ಬೆರಳಿನಿಂದ ಸ್ವಲ್ಪ ಸೊಟ್ಟ ಮಾಡಿದರು.

"ಆವತ್ತು ನಾ ಒಂದ ನಿಮಿಷ ಅಂದಿದ್ದೆ, ನೆನಪದ ಏನು?"

ನೆನಪಿತ್ತು. ಅಕ್ಕನ ಕನ್ನಡಕ ಕೈಯಲ್ಲಿ ಹಿಡಿದು ಮಂಚದ ಪಕ್ಕ ನಿಂತಿದ್ದರು. "ಒಂದ ನಿಮಿಷ ತಡಿ" ಎಂದಿದ್ದರು. ಎರಡು ಸಲ ಎಂದಿದ್ದರು. ನಾನು ಅವರ ತೋಳು ಹಿಡಿದು, "ವ್ಯಾನ್ ಬಂದದ ಭಾವಾ, ನಡೀರಿ" ಎಂದಿದ್ದೆ.

"ನಲವತ್ತೈದು ವರ್ಷ ಅಕೀನ್ನ 'ಏ, ಕೇಳ ಇಲ್ಲೆ' ಅಂತನ ಕರದೆ. ಹೆಸರು ಹಿಡದು ಒಮ್ಮೆನೂ ಕರೀಲಿಲ್ಲ. ಆ ಕಾಲದಾಗ ನಾವು ಹಂಗ ಇದ್ವಿ. ಆವತ್ತು ಒಮ್ಮೆ ಕರೀಬೇಕಂತ ಬಾಯಿ ತಗದಿದ್ದೆ." ಮೇಣದ ಮೂಗಿನ ಮೇಲಿಂದ ಬೆರಳು ತೆಗೆದರು. "ಆಮ್ಯಾಲೆ ರದ್ದಿ ಅಂಗಡ್ಯಾಗ ಆ ಪುಸ್ತಕ ತಗದು ನೋಡತೇನಿ, ಗೆದ್ದಲು ಬಿಟ್ಟ ಮೊದಲನೇ ಪಾನಿನಾಗನ ಇದು. ಎಲ್ಲಾಕ್ಕಿಂತ ಮೊದಲ ಹೆಸರು ಹಿಡದು ಕರೀತಿದ್ರು ಅಂತ. ನನಗ ರೋಮನ್ನರ ಹುಚ್ಚಿಲ್ಲೋ. ಅವರು ಆ ಒಂದ ನಿಮಿಷ ಕೊಡತಿದ್ರು, ಅಷ್ಟ."

ನಾನು ಚೀಲ ಮಡಚಿದೆ. ಬಿಚ್ಚಿದೆ. ಮತ್ತೆ ಮಡಚಿದೆ. ಕೆಳಗಿಳಿದು ಬಂದೆ. ಆ ರಾತ್ರಿಯ ಊಟದಲ್ಲಿ ಅವರು ಬೇಡಿಕೆ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಕೇಳಿದಾಗ ಒಲ್ಲೆನೆನ್ನುತ್ತಿದ್ದವನಿಗೆ, ಕೇಳದೇ ಹೋದಾಗ ಕೂತಲ್ಲಿ ಕೂಡಲಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಕಪಾಟಿನ ಬಾಗಿಲು ತೆರೆದು ಆ ಪಟ್ಟಿ ನೋಡಿದೆ. ಒಂದನೆಯ ಕಲಮಿನ ಮೇಲೆ ನಿಜವಾಗಿಯೂ ಒಂದು ಬೆರಳಿನಷ್ಟು ಜಾಗವಿತ್ತು.

ಹೋದ ವಾರ ಮಧ್ಯಾಹ್ನ ನಾಲ್ಕಕ್ಕೆ ಅವರ ಚಹಾ ತೆಗೆದುಕೊಂಡು ಮೇಲೆ ಹೋದೆ. ಬಾಗಿಲು ಬರೀ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಭಾವ ಆರಾಮಕುರ್ಚಿಯಲ್ಲಿದ್ದರು. ಎದೆಯ ಮೇಲೆ ರಟ್ಟಿಲ್ಲದ ಪುಸ್ತಕ, ಬಾಯಿ ಅರ್ಧ ತೆರೆದಿತ್ತು. ಪುಸ್ತಕ ಅಲುಗುತ್ತಿರಲಿಲ್ಲ.

"ಭಾವಾ."

ಇಲ್ಲ.

"ಭಾವಾ, ಚಹಾ."

ಡಾಕ್ಟರ ನಂಬರು ನನಗೆ ಬಾಯಿಪಾಠ. ಫೋನ್ ಕಿಸೆಯಲ್ಲಿತ್ತು. ಕೈ ಕಿಸೆಗೆ ಹೋಗಲಿಲ್ಲ. ಬದಲಿಗೆ ನಲವತ್ತೆಂಟು ವರ್ಷ ಉಚ್ಚರಿಸದ ಹೆಸರೊಂದು, ಮನೆತನದ ಅಡ್ಡಹೆಸರಿನ ಸಮೇತ, ನನ್ನ ಬಾಯಿಂದ ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೊರಬಿತ್ತು. ನಿಂತೆ. ಮತ್ತೊಮ್ಮೆ ಕೂಗಿದೆ. ಮತ್ತೆ ನಿಂತೆ. ಮೂರನೆಯದಕ್ಕೆ ಉಸಿರೆಳೆದುಕೊಂಡೆ.

"ಮೂರನೇದು ಇಟ್ಟಗೋ," ಎಂದರು ಭಾವ, ಕಣ್ಣು ಮುಚ್ಚಿಯೇ. "ಮುಂದ ಬೇಕಾಗತದ."

ಚಹಾದ ಅರ್ಧ ತಟ್ಟೆಯಲ್ಲಿತ್ತು, ಇನ್ನರ್ಧ ನನ್ನ ಕಾಲ ಮೇಲೆ.

"ಎರಡರ ನಡುವ ಎಷ್ಟೊತ್ತು ನಿಂತಿದ್ದಿ?"

"ಗಡಿಯಾರ ನೋಡಲಿಲ್ಲ ಭಾವಾ."

ಆಗ ಅವರು ಎರಡೂ ಕಣ್ಣು ತೆರೆದರು. ಕುರ್ಚಿಯಿಂದ ಮುಂದಕ್ಕೆ ಬಾಗಿ, ಆಗಬಾರದ್ದು ಏನೋ ನನಗೇ ಆಗಿಹೋಗಿದೆಯೇನೋ ಎಂಬಂತೆ ನನ್ನ ಮುಖವನ್ನೇ ನೋಡಿದರು. ನೋಡಿ, ಎಷ್ಟೋ ವರ್ಷಗಳ ಮೇಲೆ, ಟೈಂಟೇಬಲ್ ಎನ್ನದೆ, ಮೆಲ್ಲಗೆ ನನ್ನ ಹೆಸರು ಹಿಡಿದು ಕರೆದರು.

ಒಂದೇ ಸಲಕ್ಕೆ "ಓ" ಎಂದೆ.