ನಾಲ್ಕು ಲೈನು, ಒಂದು ಅಗ್ನಿಮೂಲೆ

ನಮ್ಮ ಬೀದಿಯವರು ನಮ್ಮ ಬಗ್ಗೆ ಒಂದು ಮಾತು ಹೇಳುತ್ತಿದ್ದರು: "ಯುವರಾಜನ ಮನೇಲಿ ಮಿಕ್ಸಿ ತಿರುಗಿದ್ರೆ ಫ್ಯಾನು ನಿಲ್ತದೆ, ಗ್ರೈಂಡರ್ ತಿರುಗಿದ್ರೆ ಮನೇನೇ ನಿಲ್ತದೆ." ಮೊದಲು ಹೇಳಿದವರು ಎದುರುಮನೆಯ ಶ್ಯಾಮಣ್ಣ. ಅವರು ಜಗಲಿಯ ಮೇಲೆ ಕೂತು ಆಡಿದ ಮಾತು ನಮಗಿಂತ ಮೊದಲೇ ಪಕ್ಕದೂರು ಬೇರಿಕೆಯ ಸಂತೆ ಮುಟ್ಟಿರುತ್ತದೆ.

ಯುವರಾಜನೆಂದರೆ ನಾನೇ, ಮಾತೇನೂ ಸುಳ್ಳಲ್ಲ. ಅಪ್ಪನ ಕಾಲದಲ್ಲಿ ಒಂದು ಬಲ್ಬಿಗೆಂದು ಎಳೆದಿದ್ದ ವಯರಿನ ಮೇಲೆ ನನ್ನ ಹೆಂಡತಿ ಶಶಿಕಲಾ ಮಿಕ್ಸಿ, ಗ್ರೈಂಡರ್, ರೈಸ್ ಕುಕ್ಕರ್, ಇಂಡಕ್ಷನ್ ಒಲೆ ಎಂಬ ಚತುರಂಗ ಸೈನ್ಯವನ್ನೇ ಹತ್ತಿಸಿದ್ದಳು. ನಾನೋ, ಸೂಳಗಿರಿ ಕಡೆಯ ಫ್ಯಾಕ್ಟರಿಯೊಂದರ ಮೇಂಟೆನೆನ್ಸ್ ವಿಭಾಗದವನು. (ಅಲ್ಲಿ ನನ್ನನ್ನು ಸಾರ್ ಅನ್ನುತ್ತಾರೆ. ಮನೆಯಲ್ಲಿ 'ಏನ್ರೀ' ಅನ್ನುವುದೂ ಒಳ್ಳೆಯ ದಿನಗಳಲ್ಲಿ ಮಾತ್ರ.)

ಹೀಗಿರುವಾಗ ಹಿಂದಿನ ಬೀದಿಯ ನರಸಿಂಹಪ್ಪನವರು ಮೊಮ್ಮಗಳ ನಾಮಕರಣದ ತಿಂಡಿಯನ್ನು ಶಶಿಕಲಾಗೆ ಒಪ್ಪಿಸಿದರು. ಇಡ್ಲಿ, ವಡೆ, ಪೊಂಗಲ್, ಸಾಂಬಾರು, ಚಟ್ನಿ.

"ಇದೊಂದು ಸರಿಹೋದ್ರೆ ನಾನೂ ಆರ್ಡರ್ ಹಿಡೀತೀನಿ ಕಣ್ರೀ," ಅಂದಳು. "ಕೆಟ್ರೆ ಈ ಊರಾಗೆ ಯಾರೂ ನನ್ ಕೈಲಿ ನೀರೂ ಕಾಯಿಸ್ಕಳಲ್ಲ."

ಅಂದೇ ನನ್ನೊಳಗಿನ ವಿಶ್ವಕರ್ಮ ಎದ್ದು ಕೂತ. ಫ್ಯಾಕ್ಟರಿಯಲ್ಲಿ ಒಂದೊಂದು ಮೆಷಿನ್ನಿಗೂ ಒಂದೊಂದು ಲೈನು. ಅಡುಗೆಮನೆಗೂ ಹಾಗೇ ಆಗಲಿ ಎಂದು ನಾಲ್ಕು ಗೋಡೆಗೆ ನಾಲ್ಕು ದಪ್ಪ ವಯರು, ನಾಲ್ಕು ದೊಡ್ಡ ಪ್ಲಗ್ಗು, ಒಂದೊಂದಕ್ಕೂ ಲೋಡು ಹೆಚ್ಚಾದರೆ ತಾನೇ ಆಫ್ ಆಗುವ ಅದರದೇ ಟ್ರಿಪ್ಪರ್ ಹಾಕಿಸಿದೆ. ಆಗ್ನೇಯ ಮೂಲೆಯಲ್ಲಿ ಮೊದಲಿನಿಂದಲೂ ಗ್ಯಾಸ್ ಒಲೆ ಇತ್ತು. ಅಲ್ಲಿ ಹೊಗೆ ಎಳೆಯುವ ಫ್ಯಾನಿಗೆಂದು ಹಳೇ ವಯರಿನ ಮೇಲೇ ಒಂದು ಚಿಕ್ಕ ಪ್ಲಗ್ಗು ಬಿಟ್ಟೆ, ಅಷ್ಟೇ. ಫ್ಯಾನು ಇನ್ನೂ ತಂದಿರಲಿಲ್ಲ.

ನಾಮಕರಣದ ಬೆಳಿಗ್ಗೆ ಅಡುಗೆಮನೆಗೆ ಹೋಗಿ ನೋಡುತ್ತೇನೆ: ನನ್ನ ನಾಲ್ಕು ಗೋಡೆಗಳು ಬಿಕೋ ಅನ್ನುತ್ತಿವೆ. ನಾಲ್ಕು ಯಂತ್ರಗಳೂ ನಲ್ಲಿಗೆ ಸೇರಿದ ಹೆಂಗಸರ ಹಾಗೆ ಗ್ಯಾಸ್ ಒಲೆಯ ಸುತ್ತ ಒತ್ತಿಕೊಂಡಿವೆ. ನಾಲ್ಕರ ವಯರೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ, ಆ ಬಾಕ್ಸು ಫ್ಯಾನಿನ ಚಿಕ್ಕ ಪ್ಲಗ್ಗಿಗೆ.

"ಅಮ್ಮಾ, ಇದೆಲ್ಲಾ ಯಾಕೆ ಇಲ್ಲಿಗೆ ತಂದೆ?"

"ಅಗ್ನಿಮೂಲೆ ಕಣ್ಲಾ. ಬೆಂಕೀನ ಬೇರೆಲ್ಲಿ ಇಡ್ತಾರೆ?" ಅಂದಳು ನನ್ನ ತಾಯಿ ಭದ್ರಮ್ಮ.

"ಕುಕ್ಕರಿನಾಗೆ ಬೆಂಕಿ ಎಲ್ಲೈತೆ?"

"ಬೆಂಕಿ ಇಲ್ದೆ ಅಕ್ಕಿ ಏನು ನಾಚ್ಕಂಡು ಬೇಯ್ತದಾ?"

"ಗ್ರೈಂಡರ್?"

"ಅದರ ಹೊಟ್ಟೆ ಮುಟ್ಟಿ ನೋಡು. ಸುಡ್ತದೆ."

ಗಡಿಯ ನಮ್ಮೂರಲ್ಲಿ ಕನ್ನಡದವರು, ತೆಲುಗಿನವರು, ತಮಿಳಿನವರು ಬಸ್ ಸ್ಟಾಪ್ ಎಲ್ಲಿರಬೇಕೆಂಬುದಕ್ಕೂ ಒಪ್ಪುವುದಿಲ್ಲ. ಅಗ್ನಿಮೂಲೆಗೆ ಮಾತ್ರ ಮೂವರೂ ತಲೆಬಾಗುತ್ತಾರೆ. ನಾನು ಹೆಂಡತಿಯ ಮುಖ ನೋಡಿದೆ.

"ಮೊದಲ್ನೇ ಆರ್ಡರ್ ಕಣ್ರೀ," ಅಂದಳು ಮೆಲ್ಲಗೆ. "ಒಂದು ವಡೆ ಸೀದ್ರೂ ಅತ್ತೆ ಸಾಯೋಗಂಟ ಮೂಲೆ ಮಾತೇ ಆಡ್ತಾರೆ. ನಿಮ್ ಪ್ಲಗ್ ನಾಳೆ ಉದ್ಘಾಟನೆ ಮಾಡಾಣ." ಎಂದು ನಾಲ್ಕೂ ಸ್ವಿಚ್ಚು ಒತ್ತಿದಳು.

ಹತ್ತು ನಿಮಿಷ ನಡೆದು ಬಾಕ್ಸು ಒಮ್ಮೆ ಕೆಮ್ಮಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಪ್ಲಗ್ಗು ಕಪ್ಪಗಾಗಿ ಗೋಡೆಗೆ ಅಂಟಿಕೊಂಡಿತು. ವಡೆಯ ಉದ್ದಿನಬೇಳೆ ಅರ್ಧ ರುಬ್ಬಿದ್ದು ಅರ್ಧಕ್ಕೇ ನಿಂತಿತು. ಶಶಿಕಲಾ ತೆಂಗಿನಕಾಯಿ ತುರಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಈಗಲಾದ್ರೂ ಆ ನಾಲ್ಕು ಗೋಡೇಗೆ..." ಎಂದು ನಾನು ಬಾಯಿ ತೆರೆದೆ.

ಅಮ್ಮ ಕೈ ಎತ್ತಿ ತಡೆದಳು. "ನಿನ್ ಮಾತೂ ಸರಿ ಕಣ್ಲಾ. ಒಂದೊಂದಕ್ಕೂ ಬೇರೆ ಬೇರೆ ಲೈನ್ ಬೇಕು. ನನ್ ಮಾತೂ ಸರಿ. ಎಲ್ಲಾ ಅಗ್ನಿಮೂಲೇಲೇ ಇರ್ಬೇಕು. ನಮ್ಮನೇಲಿ ಇರೋದು ಒಂದೇ ಮೂಲೆ. ಬೀದೀಲಿ ಮನೆಗೊಂದು ಐತಲ್ಲ?"

ನ್ಯಾಯ ತೀರ್ಮಾನವಾಯಿತು. ಗ್ರೈಂಡರ್ ಶ್ಯಾಮಣ್ಣನವರ ಅಗ್ನಿಮೂಲೆಗೆ, ಮಿಕ್ಸಿ ಬೀದಿಯ ಕೊನೆಯ ಪಿಳ್ಳಮ್ಮಕ್ಕನ ಅಗ್ನಿಮೂಲೆಗೆ, ಕುಕ್ಕರೂ ಇಂಡಕ್ಷನ್ನೂ ನಡುವಿನ ಎರಡು ಮನೆಗಳ ಅಗ್ನಿಮೂಲೆಗೆ ಹೋದವು. ಶಶಿಕಲಾ ಸೆರಗು ಸಿಕ್ಕಿಸಿ ನಮ್ಮ ಗ್ಯಾಸ್ ಒಲೆಯ ಮುಂದೆ ನಿಂತಳು. ನನ್ನ ಪಾಲಿಗೆ ಬಂದದ್ದು ವಯರಿನ ಕೆಲಸ. ರುಬ್ಬಿದ ಹಿಟ್ಟು ಇತ್ತ ತರುವುದು, ಕಾಯಿತುರಿ ಅತ್ತ ಒಯ್ಯುವುದು, ಬೇಳೆ ಬೆಂದಿತೇ ಎಂದು ಮೂರನೇ ಮನೆಯಲ್ಲಿ ಇಣುಕುವುದು.

"ಏನ್ಲಾ ಇದು," ಅಂದರು ಶ್ಯಾಮಣ್ಣ ಜಗಲಿಯಿಂದ, "ಕರೆಂಟು ಪಂಚೆ ಉಟ್ಕಂಡು ಓಡಾಡ್ತಾ ಐತೆ."

ತಿಂಡಿ ಹೊತ್ತಿಗೆ ಸರಿಯಾಗಿ ಹೋಯಿತು. ಪಂಕ್ತಿಯಲ್ಲಿ ವಡೆ ಎರಡು ಸಲ ಕೇಳಿದರಂತೆ. ನರಸಿಂಹಪ್ಪನವರೇ ಮನೆಗೆ ಬಂದು, ಮಗಳ ನಾದಿನಿಯ ಸೀಮಂತಕ್ಕೂ ಶಶಿಕಲಾಳೇ ಆಗಬೇಕೆಂದರು. "ಏರ್ಪಾಡು ಚೆನ್ನಾಗಿತ್ತಮ್ಮ. ಹಿಂಗೇ ಇರಲಿ."

"ಇರ್ತದೆ ಮಾವ," ಅಂದಳು ಶಶಿಕಲಾ. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಯಾವ ಬಲ್ಬಿನ ಕೆಳಗೂ ಕಂಡಿರಲಿಲ್ಲ. "ನಮ್ಮನೆಯವ್ರು ಅವತ್ತೂ ರಜಾ ಹಾಕ್ತಾರೆ."

ಅವರು ಹೋದಮೇಲೆ ನಾನು ಗೋಡೆಗೊರಗಿ ಕೂತೆ. ತಟ್ಟೆಯಲ್ಲಿ ಎರಡು ಇಡ್ಲಿ ಬಂದವು. ಸುತ್ತ ನೋಡಿದೆ.

"ಚಟ್ನಿ?"

"ಎಲ್ಲಾ ಕೊಟ್ಟಾಯ್ತಲ್ರೀ. ಪಿಳ್ಳಮ್ಮಕ್ಕನ ಮನೇಲಿ ಮಿಕ್ಸಿ ಜಾರಿಗೆ ಒಂದಿಷ್ಟು ಮೆತ್ಕಂಡಿರ್ತದೆ. ಹೆಂಗೂ ಮಿಕ್ಸಿ ಒಂದು ತರೋದು ಉಳಿದೈತೆ. ಅಲ್ಲೇ ತಿಂದು, ತೊಳ್ಕಂಡು ಎತ್ಕಂಡು ಬನ್ನಿ."

ತಟ್ಟೆ ಕೈಯಲ್ಲಿ ಹಿಡಿದು, ಚಟ್ನಿ ಇರುವ ದಿಕ್ಕಿಗೆ, ಅಂದಿನ ಕೊನೆಯ ಸಲ ಮನೆಯಿಂದ ಹೊರಟೆ.