ನಮ್ಮಣ್ಣನಿಗೆ ಬೈಯುವವರು ಬೇಕಾಗಿದ್ದಾರೆ

ನಮ್ಮ ದೊಡ್ಡಪ್ಪನ ಮಗ ಎಷ್ಟು ಸೊಗಸಾಗಿ ಕೊಂಕಣಿ ಮಾತಾಡುತ್ತಾನೆಂದರೆ, ಅದನ್ನು ಕೇಳಿದ ಕೊಂಕಣಿಗರೆಲ್ಲ ತಕ್ಷಣ ಕನ್ನಡಕ್ಕೆ ಬಂದುಬಿಡುತ್ತಾರೆ!

ಅಣ್ಣ ಶಿರಾಲಿಯವನು. ಕುಮಟಾದ ಕಾಲೇಜೊಂದರಲ್ಲಿ ಪಾಠ, ಹೊನ್ನಾವರದಲ್ಲಿ ಬಾಡಿಗೆ ಕೋಣೆ, ಇವೆರಡರ ನಡುವಿನ ಬಸ್ಸಿನಲ್ಲಿ ಪಿಎಚ್.ಡಿ. ವಿಷಯ: ಕಾಲೇಜು ವಿದ್ಯಾರ್ಥಿಗಳು ಎರಡನೆಯ ಭಾಷೆಯನ್ನು ಹೇಗೆ ಕಲಿಯುತ್ತಾರೆ? ಕ್ಲಾಸಿನಲ್ಲಿ ಯಾರೂ ಭಾಷೆ ಕಲಿಯುವುದಿಲ್ಲ, ಬೀದಿಯಲ್ಲೇ ಕಲಿಯುವುದು ಎಂದು ಒಂದು ದಿನ ಗೈಡ್ ಮುಂದೆ ಘೋಷಿಸಿದ. ಗೈಡ್ ನಿಧಾನವಾಗಿ ಚಹಾ ಹೀರಿ, "ಹಾಗಾದ್ರೆ ನೀವೇ ಬೀದಿಯಲ್ಲಿ ಒಂದು ಭಾಷೆ ಕಲಿತು ತೋರಿಸಿ. ಆ ಅಧ್ಯಾಯ ಇಲ್ದೆ ಪ್ರಬಂಧ ತರ್ಬೇಡಿ" ಎಂದರು. ಅಂದಿನಿಂದ ಅಣ್ಣನ ಡಾಕ್ಟರೇಟು ಕೊಂಕಣಿಯ ಕೈಯಲ್ಲಿ!

ಹೊನ್ನಾವರದಲ್ಲಿ ಕೊಂಕಣಿಗೆ ಬರಗಾಲವೇ? ಇಲ್ಲ. ಆದರೆ ನಮ್ಮ ಕಡೆಯ ಸೌಜನ್ಯ ಗೊತ್ತಲ್ಲ, ಎದುರಿನವನ ಮುಖ ನೋಡಿ ಅವನ ಭಾಷೆಗೇ ಹೊರಳಿಬಿಡುತ್ತೇವೆ. ಅಣ್ಣನ ಮುಖದ ಮೇಲೋ, ಸರಕಾರಿ ಕನ್ನಡ ಶಾಲೆಯ ಬೋರ್ಡು ತೂಗುಹಾಕಿದಂತಿದೆ.

ಮೀನುಪೇಟೆಗೆ ನನ್ನನ್ನೂ ಕರೆದೊಯ್ದ. ಕಿಸೆಯಲ್ಲಿ ರೆಕಾರ್ಡರ್. ಬಂಗಡೆ ತಾಜಾ ಇದೆಯೇ ಎಂದು ವ್ಯಾಕರಣ ಒಂದಿಷ್ಟೂ ಮುಕ್ಕಾಗದಂತೆ ಕೊಂಕಣಿಯಲ್ಲಿ ವಿಚಾರಿಸಿದ. ಮೀನು ಮಾರುವ ಹೆಂಗಸು, ನಮ್ಮ ಕಡೆ 'ಬಾಯಿ' ಅನ್ನುತ್ತೇವೆ, ಕಣ್ಣರಳಿಸಿ, "ಈಗ ಬಂದದ್ದು ಮಾಸ್ತರೆ, ಕಿವಿರು ನೋಡಿ ಬೇಕಾದ್ರೆ" ಎಂದಳು. ಅಪ್ಪಟ ಕನ್ನಡ!

ನಾನು ಬಿಡುತ್ತೇನೆಯೇ? ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮಪ್ಪನ ಸೀನಿನವರೆಗೆ ಸಕಲವನ್ನೂ ಅನುಕರಿಸಿ ಊರಿನ ನಿಷ್ಠುರ ಕಟ್ಟಿಕೊಂಡವನು. ಪಕ್ಕದ ಗಿರಾಕಿ ಕೊಂಕಣಿಯಲ್ಲಿ ಆಡಿದ್ದನ್ನೇ ಅದೇ ರಾಗ, ಅದೇ ಮೂಗುಮುರಿತದಲ್ಲಿ ಒಪ್ಪಿಸಿದೆ. ಅಷ್ಟೇ, ಬಾಯಿಯ ಬಾಯಿಂದ ಕೊಂಕಣಿಯ ಶರಾವತಿಯೇ ಹರಿಯಿತು! ಒಂದಕ್ಷರ ತಿಳಿಯದಿದ್ದರೂ ನಾನು ಗಂಭೀರವಾಗಿ ತಲೆಯಾಡಿಸಿದೆ. ಪರಿಣಾಮ? ಮದುವೆಮನೆಗೆ ಸಾಲುವಷ್ಟು ಬಂಗಡೆ ಹೊತ್ತು ಮನೆಗೆ ಬಂದೆವು. ಅಣ್ಣ ನನ್ನ ಬಗ್ಗೆ ಸಂಶೋಧನಾ ಟಿಪ್ಪಣಿಯನ್ನೂ ಬರೆದ: 'ಧ್ವನಿ ಪೂರ್ಣ, ಅರ್ಥ ಶೂನ್ಯ.' ನನ್ನ ಪ್ರೌಢಶಾಲೆಯ ಮೇಷ್ಟ್ರೂ ಇದನ್ನೇ ಹೇಳಿದ್ದರು, ಇಷ್ಟು ಚೆಂದದ ಭಾಷೆಯಲ್ಲಿ ಅಲ್ಲ.

ಆಮೇಲೆ ಅವನ ತಲೆಕೆಡಿಸಿದ್ದು ಭಟ್ಕಳದ ಒಬ್ಬ ವಿದ್ಯಾರ್ಥಿ. ಮನೆಮಾತು ನವಾಯತಿ, ಕನ್ನಡ ಮಾತ್ರ ನೀರು ಕುಡಿದಷ್ಟು ಸಲೀಸು.

"ಕನ್ನಡ ಹೇಗೆ ಕಲಿತೆ?" ಎಂದು ಅಣ್ಣ ರೆಕಾರ್ಡರ್ ಚಾಚಿದ.

"ಕಲೀಲಿಲ್ಲ ಸರ್. ಪಕ್ಕದೂರು ಬೆಳಕೆಯ ಹುಡುಗ್ರ ಸಂಗಡ ಕ್ರಿಕೆಟ್ ಆಡ್ತಿದ್ದೆ. ಔಟಲ್ಲ ಅಂತ ಜಗಳ ಆಡೂಕೆ ಕನ್ನಡ ಬೇಕಿತ್ತು."

"ಮತ್ತೆ ನನಗ್ಯಾಕೆ ಕೊಂಕಣಿ ಬರ್ತಿಲ್ಲ?"

"ನಿಮ್ ಹತ್ರ ಯಾರೂ ಜಗಳ ಆಡೂದಿಲ್ಲ ಸರ್. ಅದೇ ತೊಂದ್ರೆ!"

ಅಣ್ಣನಿಗೆ ಜ್ಞಾನೋದಯವಾಯಿತು. ಯಾರಾದರೂ ತನಗೆ ಕೊಂಕಣಿಯಲ್ಲಿ ಬೈಯಬೇಕು! ಆಯ್ಕೆಯಾದವರು ಬಾಡಿಗೆ ಕೋಣೆಯ ಮನೆಯೊಡತಿ ಬಾಯಮ್ಮ. ಆಕೆ ಅಂಗಡಿಗೆ ಹೊರಟ ಮಗನಿಗೆ ದಿನಾ ಬೆಳಿಗ್ಗೆ ಕೊಂಕಣಿಯಲ್ಲಿ ಸಹಸ್ರನಾಮ ಮಾಡುತ್ತಿದ್ದರು. ಆರಂಭ "ಪಿಶ್ಯಾ!", ಅಂದರೆ ಹುಚ್ಚ, ಮುಕ್ತಾಯವೂ ಅದೇ. ಕಿಟಕಿಯಲ್ಲಿ ನಿಂತು ಅದನ್ನು ಕೇಳುವ ಅಣ್ಣನನ್ನು ನೋಡಬೇಕು, ಬೇರೆ ಮಕ್ಕಳ ಕೈಯ ಐಸ್‌ಕ್ಯಾಂಡಿಯನ್ನು ಮಗುವೊಂದು ನೋಡುವ ಹಾಗೆ!

ಪ್ರಯೋಗ ಶುರುವಾಯಿತು. ಗೇಟು ತೆರೆದಿಟ್ಟ, ದನ ನುಗ್ಗಿ ದಾಸವಾಳ ಮೇಯ್ದಿತು. "ಇರ್ಲಿ ಮಾಸ್ತರೆ, ಅದಕ್ಕೂ ಹಸಿವೆ" ಎಂದರು ಬಾಯಮ್ಮ. ಕೊನೆಗೆ ಎದೆ ಗಟ್ಟಿಮಾಡಿ, ಅಂಗಳದಲ್ಲಿ ಒಣಹಾಕಿದ ಹಪ್ಪಳದ ಮೇಲೆಯೇ ನಡೆದ. ಬಾಯಮ್ಮ ಓಡಿಬಂದರು. ಅಣ್ಣ ರೆಕಾರ್ಡರ್ ಒತ್ತಿ ಕಣ್ಣು ಮುಚ್ಚಿ ನಿಂತ.

"ಅಯ್ಯೋ, ಕಾಲಿಗೆ ಅಂಟಿತಾ ಮಾಸ್ತರೆ? ಬಿಸಿನೀರು ಕೊಡ್ಲಾ?"

ಆ ಸಂಜೆ ಅಣ್ಣ ಊಟ ಮಾಡಲಿಲ್ಲ. "ತಮಾ, ಇಷ್ಟು ವರ್ಷ ಆತು, ನಾ ಇನ್ನೂ ನೆಂಟನೇ ಮಾರಾಯ" ಎಂದ. ಅವನ ಆ ದನಿಯನ್ನೂ ನಾನು ಆಗಲೇ ಅಣಕಿಸಿ ತೋರಿಸಿದೆ. ಅವನಿಗೆ ನಗು ಬರಲಿಲ್ಲ.

ಮಳೆ ಹಿಡಿದ ಮೇಲೆ ಅವನಿಗೆ ಜ್ವರ ಬಂತು. ಯಾರಿಗೂ ಹೇಳದೆ ಕದ ಹಾಕಿಕೊಂಡು ಮಲಗಿದ್ದಾನೆ. ಕಾಲೇಜಿಗೆ ಹೋಗಿಲ್ಲ, ಫೋನೂ ಎತ್ತಲಿಲ್ಲ. ಗಾಬರಿಯಿಂದ ನಾನು ಶಿರಾಲಿಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ, ಬಾಯಮ್ಮ ಒಂದು ಕೈಯಲ್ಲಿ ಗಂಜಿಯ ಪಾತ್ರೆ ಹಿಡಿದು ಇನ್ನೊಂದು ಕೈಯಲ್ಲಿ ಕದ ಬಡಿಯುತ್ತಿದ್ದರು. ಕದ ತೆರೆಯಿತು. ಕೆದರಿದ ತಲೆ, ಕೆಂಪು ಕಣ್ಣು. ಬಾಯಮ್ಮ ಅವನ ಹಣೆ ಮುಟ್ಟಿದರು.

"ಪಿಶ್ಯಾ!"

ಆಮೇಲೆ ಸುರಿಯಿತು ನೋಡಿ, ಕೊಂಕಣಿ! ಹೊರಗಿನ ಮಳೆ ಕೇಳಿಸದಷ್ಟು. ಬೈಯುತ್ತಲೇ ಅವನನ್ನು ಹಾಸಿಗೆಗೆ ತಳ್ಳಿದರು, ಬೈಯುತ್ತಲೇ ಹೊದೆಸಿದರು, ಬೈಯುತ್ತಲೇ ಚಮಚೆ ಬಾಯಿಗೆ ಹಿಡಿದರು. ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? ಮೇಜಿನ ಮೇಲಿದ್ದ ರೆಕಾರ್ಡರಿಗೆ ನಾನು ಕೈಹಾಕಿದೆ. ಅಣ್ಣ ನನ್ನ ಕಡೆ ನೋಡಿ, ಬೇಡವೆಂದು ಮೆಲ್ಲಗೆ ತಲೆಯಲ್ಲಾಡಿಸಿದ.

ಉತ್ತರ ಕೊಡಬೇಕಲ್ಲ? ಇಷ್ಟು ವರ್ಷ ಉರುಹೊಡೆದ ಕೊಂಕಣಿಯಲ್ಲಿ ಒಂದು ಪದವೂ ಅವನಿಗೆ ಒದಗಲಿಲ್ಲ. ಶಿರಾಲಿಯಲ್ಲಿ ದೊಡ್ಡಮ್ಮನ ಹತ್ತಿರ ಮಾತ್ರ ಆಡುವ ಕನ್ನಡದಲ್ಲಿ, ಮೆತ್ತಗೆ ಹೇಳಿದ:

"ಆತು ಅಮ್ಮ, ಉಣ್ತೆ. ಬೈಬೇಡ."

ಬಾಯಮ್ಮ ಸೆರಗಿನಿಂದ ಅವನ ಬಾಯಿ ಒರೆಸಿ, ಇನ್ನೊಂದು ಚಮಚೆ ಗಂಜಿ ಎತ್ತಿಕೊಂಡು, ಕೊಂಕಣಿಯಲ್ಲೇ ಮತ್ತೆ ಶುರುಮಾಡಿದರು.