ನಡೆಯುವ ಬ್ರೌಸರಿಗೆ ಕೈ ಹಚ್ಚಬಾರದು

ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದವರನ್ನು ಅಂಗಡಿಯಲ್ಲಿ ಕೂರಿಸಬಾರದು. ಗಿರಾಕಿ ಝೆರಾಕ್ಸ್ ಕೇಳಿದರೆ, ಅದು ಯಾಕೆ ಬೇಕೆಂದು ಮೊದಲು ಸಾಧಿಸಿ ತೋರಿಸಲಿ ಎನ್ನುವ ಚಟ ನಮ್ಮದು. ದೇವರು, ಪಂಚಾಂಗ, ಟೂತ್‌ಪೇಸ್ಟಿನ ಜಾಹೀರಾತು, ಯಾವುದನ್ನೂ ನಾನು ಪುರಾವೆಯಿಲ್ಲದೆ ನಂಬಿದವನಲ್ಲ. ಆದರೂ ಗಂಗಾವತಿಯ ತನ್ನ ಆನ್‌ಲೈನ್ ಸೆಂಟರಿನಲ್ಲಿ ಕಾಕಾ ನನಗೊಂದು ಕುರ್ಚಿ ಕೊಟ್ಟಿದ್ದಾನೆ. ನಾನು ಮನೆಯಲ್ಲಿದ್ದು ಅವ್ವನ ಜೊತೆ ವಾದಿಸುವುದಕ್ಕಿಂತ ಇದು ಕಡಿಮೆ ನಷ್ಟ ಎಂದು ಹಿರಿಯರ ತೀರ್ಮಾನ.

ಅಲ್ಲಿನ ಬ್ರೌಸರನ್ನು ಕಾಕಾ ಅಪ್‌ಡೇಟ್ ಆಗಗೊಡುತ್ತಿರಲಿಲ್ಲ. ಹಿಂದೊಮ್ಮೆ ಅಪ್‌ಡೇಟ್ ಆದಾಗ ಹೆಬ್ಬೆಟ್ಟಿನ ಯಂತ್ರ ಕೆಲಸ ನಿಲ್ಲಿಸಿ, ಮರಳಿ ಎಂಬ ಹಳ್ಳಿಯಿಂದ ಪಿಂಚಣಿಗೆ ಬಂದಿದ್ದ ಮುದುಕಿಯರು ಅವನ ವಂಶವನ್ನೆಲ್ಲ ಬೈದು ಹೋಗಿದ್ದರು. "ನಡಿಯೂದಕ್ಕ ಕೈ ಹಚ್ಚಬ್ಯಾಡ" ಎಂಬುದು ಅಂದಿನಿಂದ ಅಂಗಡಿಯ ಕಾನೂನು.

ಈ ನಡುವೆ ಆ ಬ್ರೌಸರಿನ ಮೆಮೊರಿಯಲ್ಲಿ ದೋಷವಿದೆ, ಕೆಟ್ಟ ಪುಟವೊಂದನ್ನು ತೆರೆದರೂ ಸಾಕು, ಕಳ್ಳರು ಒಳಗೆ ಬರುತ್ತಾರೆ, ಕೂಡಲೇ ಅಪ್‌ಡೇಟ್ ಮಾಡಿ ಎಂಬ ಎಚ್ಚರಿಕೆ ಬಂತು. ಕಾಕಾನಿಗೆ ಬಿಡಿಸಿ ಹೇಳಿದೆ: "ಮೆಮೊರಿ ಅಂದ್ರ ಬಾಡಿಗಿ ಮನಿ ಇದ್ದಂಗ. ಬಾಡಿಗಿದಾರ ಖಾಲಿ ಮಾಡಿ ಹೋಗ್ಯಾನ. ಈ ಬ್ರೌಸರ್ ಮತ್ತ ಅದ ಬಾಗಿಲಿಗೆ ಹೋಗಿ, ಮುಂದೇನ್ ಮಾಡ್ಲಿರಿ ಅಂತ ಕೇಳ್ತೈತಿ. ಒಳಗ ಕಳ್ಳ ಕುಂತಿದ್ರ ಅವ ಹೇಳಿದ್ದ ಮಾಡ್ತೈತಿ."

"ಮಾಡ್ಲಿ ಬಿಡೋ ತಮ್ಮಾ. ಈ ಅಂಗಡ್ಯಾಗ ಹೇಳಿದ್ದು ಕೇಳಾವ ಒಬ್ಬನರ ಆದ."

ವಾದ ಆ ವಾರವೆಲ್ಲ ನಡೆಯಿತು. ಹುಲಿಹೈದರದ ರೇಣುಕಾ ನಮ್ಮಲ್ಲೇ ಕೂತು ನರ್ಸಿಂಗ್ ಕೋರ್ಸಿಗೆ ಅರ್ಜಿ ತುಂಬಿದ್ದು ಆಗಲೇ. ಅವಳು ಎದ್ದು ಹೋದಾಗ ಅವಳ ಈಮೇಲ್ ಇನ್ನೂ ತೆರೆದಿತ್ತು. ಮುಂದಿನ ಗಿರಾಕಿ ಅದೇ ಬ್ರೌಸರಿನಲ್ಲಿ ಪುಕ್ಕಟೆ ಸಿನಿಮಾ ಹುಡುಕುತ್ತ ಯಾವುದೋ ಪುಟ ತೆರೆದ. ಕೆಲವು ದಿನಗಳಲ್ಲಿ ಅವಳ ಈಮೇಲ್ ಅವಳನ್ನೇ ಹೊರಗಿಟ್ಟಿತು. ಪಾಸ್‌ವರ್ಡ್ ಯಾರೋ ಬದಲಿಸಿದ್ದರು. ಸೀಟು ಸಿಕ್ಕಿದ್ದು, ಅದನ್ನು ಒಪ್ಪಿಕೊಳ್ಳುವ ಗಡುವು ಮುಗಿದದ್ದು, ಎರಡೂ ಅವಳಿಗೆ ಕಾಲೇಜಿಗೆ ಫೋನ್ ಮಾಡಿದಾಗ ಒಟ್ಟಿಗೇ ತಿಳಿದವು.

ಅಂಗಡಿಗೆ ಬಂದವಳು ಅಳಲಿಲ್ಲ. "ಅಣ್ಣಾ, ಇನ್ನ ಏನರ ಮಾಡಾಕ ಬರತೈತೇನ್ರಿ?" ಎಂದಳು.

ನಾನು ಕಾಕಾನ ಕಡೆ ತಿರುಗಿದೆ. "ನಾ ಹೇಳಿದ್ನಿಲ್ಲೊ?"

"ಆ ತೂತಿನಿಂದನ ಹೋತು ಅನ್ನಾಕ ಪುರಾವಿ ಏನೈತಿ? ಆಕಿನ ಯಾರಿಗರ ಪಾಸ್‌ವರ್ಡ್ ಹೇಳಿರಬಾರದ್ಯಾಕ? ಪುರಾವಿ ಇಲ್ಲದ್ದು ನಂಬಬ್ಯಾಡ್ರಿ ಅಂತ ದಿನಾ ಕೊರಿಯಾವ ನೀನ."

ಪುರಾವೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಬೇರೇನೂ ಕೇಳಿಸುವುದಿಲ್ಲ. ಕುರ್ಚಿ ಬಿಟ್ಟೆದ್ದು, ಮೊದಲನೆಯ ಅಂಶವನ್ನು ಮಂಡಿಸಿದೆ. ಮುಗಿಸಿ ನೋಡಿದರೆ ರೇಣುಕಾ ತನ್ನ ಅಂಕಪಟ್ಟಿಗಳ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.

ಕಾಕಾ ಬಾಗಿಲಾಚೆ ನೋಡಿದ. ಮತ್ತೆ ನನ್ನನ್ನು ನೋಡಿದ. "ಆತು, ಎರಡನೇದು ಹೇಳು."

ಹೇಳಿದೆ. ಖಂಡಿಸಲು ಬಾರದಂಥ ಅಂಶವೇ ಆಗಿತ್ತು ಅದು.